ಅಜ್ಜಿಯ ಪಟ್ಟಿಯಲ್ಲಿದ್ದ ಎಂಟು ಹೆಸರುಗಳು

ಪತ್ರಿಕೆಗಳ ಒಳಪುಟಗಳಲ್ಲಿ ಬರುವ ನಿಧನ ವಾರ್ತೆಗಳನ್ನು ತಪ್ಪದೆ ಓದುವ ವಯಸ್ಸು ನನ್ನದು. ಕ್ರೈಸ್ತ ಕುಟುಂಬದ ಹಿರಿಯ ಮಹಿಳೆಯೊಬ್ಬರು ತೀರಿಕೊಂಡಾಗ ಅಲ್ಲಿ ಅಚ್ಚಾಗುವ ನಾಲ್ಕು ಸಾಲುಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ದೈವಭಕ್ತೆ, ವಾತ್ಸಲ್ಯಮಯಿ, ತ್ಯಾಗಜೀವಿ. ಇಷ್ಟು ಮಂದಿ ಪುತ್ರರು, ಇಷ್ಟು ಮಂದಿ ಪುತ್ರಿಯರು, ಮೊಮ್ಮಕ್ಕಳು, ಮರಿಮಕ್ಕಳನ್ನು ಅಗಲಿದ್ದಾರೆ. ಪುತ್ರರ ಹೆಸರಿನ ಜೊತೆಗೆ ಉದ್ಯೋಗವಿರುತ್ತದೆ; ಪುತ್ರಿಯರು ಬಹುಮಟ್ಟಿಗೆ ಸಂಖ್ಯೆಯಾಗಿ ಮುಗಿಯುತ್ತಾರೆ. 1994ರಲ್ಲಿ ನನ್ನ ಅಜ್ಜಿ ತೀರಿಕೊಂಡಾಗಲೂ ಇಂಥದೇ ನಾಲ್ಕು ಸಾಲು ಬರೆದು ಪತ್ರಿಕಾ ಕಚೇರಿಗೆ ಕೊಟ್ಟು ಬಂದವನು ನಾನೇ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆಕೆಯನ್ನು ಬಲ್ಲವರು ಆ ಸಾಲುಗಳಿಂದ ಆಕೆಯನ್ನು ಗುರುತಿಸುವುದು ಸಾಧ್ಯವಿರಲಿಲ್ಲ.

ಈಗ ಆಕೆಯ ಬಗ್ಗೆ ಬರೆಯಲು ಕಾರಣ ಬರಿಯ ನೆನಪಲ್ಲ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಕುರಿತು ನಾವು ಕಾನೂನಿನ ಭಾಷೆಯಲ್ಲಿ ಬಹಳ ಮಾತನಾಡಿದ್ದೇವೆ. ಮನೆಯೊಳಗಿನ ಭಾಷೆಯಲ್ಲಿ ಮಾತನಾಡಿದ್ದು ಕಡಿಮೆ. ಎಂಟನೆಯ ತರಗತಿಯನ್ನೂ ಮುಗಿಸದ ನನ್ನ ಅಜ್ಜಿ ಆ ಭಾಷೆಯನ್ನು ಬಲ್ಲವಳಾಗಿದ್ದಳು.

ಮಂಗಳೂರಿನ ಬಲ್ಮಠದ ಬಳಿ ನಮ್ಮ ಹಂಚಿನ ಮನೆ. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಕಾರ್ಖಾನೆಗಳು ಮಿಷನ್ನಿನ ಕೈಬಿಟ್ಟು ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾಗಿದ್ದ ಕಾಲವದು. ಸಂಬಳ ಸಣ್ಣದು, ಸಂಸಾರ ದೊಡ್ಡದು. ಹತ್ತು ಹೆತ್ತು ಎಂಟನ್ನು ಉಳಿಸಿಕೊಂಡವಳು ಅಜ್ಜಿ: ಐವರು ಹೆಣ್ಣು, ಮೂವರು ಗಂಡು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಲೆ ಹಚ್ಚುವ ಮೊದಲು ಆಕೆ ಅಡುಗೆಮನೆಯ ಮಣೆಯ ಮೇಲೆ ಕುಳಿತು ಪ್ರಾರ್ಥಿಸುತ್ತಿದ್ದಳು. ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ. ಮಳೆ ಬರಲಿ, ನೆಂಟರು ಬರಲಿ, ಪರೀಕ್ಷೆ ಬರಲಿ, ಅದಕ್ಕೆ ವಿನಾಯಿತಿ ಇಲ್ಲ. ಒಂದು ಸಂಗೀತ, ಸತ್ಯವೇದದ ಒಂದು ಅಧ್ಯಾಯ, ಬಳಿಕ ಆಕೆಯ ದೀರ್ಘ ಪ್ರಾರ್ಥನೆ. ಆ ಪ್ರಾರ್ಥನೆಯ ಮಧ್ಯೆ ನಿದ್ದೆ ಹೋಗದ ಮೊಮ್ಮಕ್ಕಳು ನಮ್ಮಲ್ಲಿ ಯಾರೂ ಇಲ್ಲ. ಮನೆಮಾತು ತುಳು. ನಮ್ಮನ್ನು ಬೈಯುತ್ತಿದ್ದುದು ತುಳುವಿನಲ್ಲಿ, ದೇವರೊಡನೆ ಮಾತನಾಡುತ್ತಿದ್ದುದು ಮಾತ್ರ ಕನ್ನಡದಲ್ಲಿ. ಅದೂ ಹಳೆಯ ಸತ್ಯವೇದದ ಗ್ರಾಂಥಿಕ ಕನ್ನಡ. ನನ್ನ ಬರವಣಿಗೆಯಲ್ಲಿ ಏನಾದರೂ ಹದವಿದ್ದರೆ ಅದು ಶಾಲೆಯಿಂದ ಬಂದದ್ದಲ್ಲ.

ಆಕೆಯ ಬಳಿ ಎರಡು ನೋಟುಪುಸ್ತಕಗಳಿದ್ದವು. ಒಂದು ಮನೆಯ ಲೆಕ್ಕದ್ದು. ಅಕ್ಕಿ, ಸೀಮೆಎಣ್ಣೆ, ಶಾಲೆಯ ಫೀಸು, ಸಭೆಗೆ ಕೊಡುವ ದಶಮಾಂಶ, ಕೊನೆಯಲ್ಲಿ 'ಬಾಕಿ' ಎಂಬ ಅಂಕಣ. ಇನ್ನೊಂದು ಪ್ರಾರ್ಥನೆಯ ಪಟ್ಟಿ. ಮಕ್ಕಳ ಹೆಸರುಗಳು ಹುಟ್ಟಿದ ಕ್ರಮದಲ್ಲಿ, ಒಂದರ ಕೆಳಗೊಂದು. ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡ ಇಬ್ಬರ ಹೆಸರೂ ಅವುಗಳ ಜಾಗದಲ್ಲೇ ಇದ್ದವು. ಅವುಗಳ ಮುಂದೆ ಸಣ್ಣದೊಂದು ಶಿಲುಬೆಯ ಗುರುತು. ಮುಂದೆ ಅಳಿಯಂದಿರು, ಸೊಸೆಯಂದಿರು, ಮೊಮ್ಮಕ್ಕಳು ಸೇರುತ್ತ ಹೋದಂತೆ ಪುಟಗಳು ಬೆಳೆದವು. ದಿನವೂ ಅಷ್ಟೂ ಹೆಸರುಗಳನ್ನು ಹೇಳಿ ಪ್ರಾರ್ಥಿಸುತ್ತಿದ್ದಳು. ಒಂದು ಸಲ ಹನ್ನೆರಡರ ತುಂಟನಾದ ನಾನು, 'ದೇವರಿಗೆ ನಮ್ಮ ಹೆಸರು ದಿನಾ ಮರೆತುಹೋಗುತ್ತದೆಯೇ?' ಎಂದು ಕೇಳಿದ್ದೆ. 'ದೇವರಿಗಲ್ಲ, ನನಗೆ ಮರೆಯಬಾರದು ಅಂತ' ಎಂದಿದ್ದಳು.

ಆಕೆಯನ್ನು ಸಂತಳನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ದೊಡ್ಡತ್ತೆಯನ್ನು ಹದಿಮೂರರ ಪ್ರಾಯದಲ್ಲಿ ಶಾಲೆ ಬಿಡಿಸಿದವಳು ಅಜ್ಜಿಯೇ. ಕೆಳಗಿನ ಏಳು ಮಕ್ಕಳನ್ನು ಎತ್ತಿ ಆಡಿಸಲು, ಗಂಜಿ ಬಸಿಯಲು, ಬಟ್ಟೆ ಒಗೆಯಲು ಮನೆಯಲ್ಲಿ ಎರಡನೆಯ ಜೊತೆ ಕೈಗಳು ಬೇಕಾಗಿದ್ದವು. ದೊಡ್ಡತ್ತೆ ಮದುವೆಯಾಗಲಿಲ್ಲ. ಎರಡನೆಯ ಅತ್ತೆ ನರ್ಸ್ ಆದಳು. ಮೂರನೆಯವಳು ಚಿಕ್ಕ ಪ್ರಾಯದಲ್ಲಿ ವಿಧವೆಯಾಗಿ ಮನೆಗೆ ಮರಳಿ ಹೊಲಿಗೆ ಯಂತ್ರ ಹಿಡಿದಳು. ನಾಲ್ಕನೆಯವಳು ಶಾಲೆಯ ಅಧ್ಯಾಪಕಿ. ಆಕೆಯ ಸಂಬಳದಿಂದಲೇ ಕಿರಿಯ ಚಿಕ್ಕಪ್ಪನ ಕಾಲೇಜು ಮುಗಿದದ್ದು. ಆ ಅತ್ತೆ 1968ರಲ್ಲಿ ಸಭೆಯ ಹೊರಗಿನವರೊಬ್ಬರನ್ನು ಮದುವೆಯಾದಾಗ ಅಜ್ಜಿ ನಾಲ್ಕು ವರ್ಷ ಆಕೆಗೆ ಮನೆಯ ಬಾಗಿಲು ತೆರೆಯಲಿಲ್ಲ. ಅಜ್ಜನ ಶವಸಂಸ್ಕಾರಕ್ಕೆ ಬಂದ ಮಗಳು ಸ್ಮಶಾನದಿಂದಲೇ ಹಿಂದಿರುಗಬೇಕಾಯಿತು. ಆದರೆ ಆ ನಾಲ್ಕು ವರ್ಷಗಳಲ್ಲಿ ಒಂದು ಸಂಜೆಯೂ ಪ್ರಾರ್ಥನೆಯಲ್ಲಿ ಆ ಹೆಸರು ತಪ್ಪಲಿಲ್ಲ. ಮಗಳ ಹೆಸರನ್ನು ದೇವರೆದುರು ಹೇಳುತ್ತ ಮಗಳಿಗೆ ಬಾಗಿಲು ಹಾಕಿದ ಆ ವಿಚಿತ್ರ ನಿಷ್ಠೆಯನ್ನು ನಾನು ಇವತ್ತಿಗೂ ಪೂರ್ಣವಾಗಿ ಅರ್ಥ ಮಾಡಿಕೊಂಡಿಲ್ಲ.

ಅಜ್ಜ 1971ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಮನೆ ಮತ್ತು ಅದರ ಸುತ್ತಲಿನ 60 ಸೆಂಟ್ಸ್ ಜಾಗ ಅವರ ಹೆಸರಿನಲ್ಲಿತ್ತು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಲೆಕ್ಕ ಸರಳ. ಉಯಿಲಿಲ್ಲದೆ ಸತ್ತವನ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ವಿಧವೆಗೆ. ಉಳಿದ ಮೂರನೆಯ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಾನವಾಗಿ. ನಮ್ಮ ಮನೆಯ ಮಟ್ಟಿಗೆ ಹನ್ನೆರಡು ಪಾಲು ಮಾಡಿದರೆ ಅಜ್ಜಿಗೆ ನಾಲ್ಕು, ಎಂಟು ಮಕ್ಕಳಿಗೆ ತಲಾ ಒಂದು.

ಇದು ಹೊಸ ನಿಯಮವೂ ಅಲ್ಲ. ಇದಕ್ಕೆ ಮೂಲವಾದ ಉತ್ತರಾಧಿಕಾರ ಕಾಯ್ದೆ ಬಂದದ್ದು 1865ರಲ್ಲಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ತನ್ನ ಮೊದಲ ಹಂಚಿನ ಕಾರ್ಖಾನೆಯನ್ನು ತೆರೆದದ್ದೂ ಅದೇ ವರ್ಷ. 1834ರಲ್ಲಿ ಮಿಷನ್ನಿನ ಮೊದಲ ಮೂವರು ಪಾದ್ರಿಗಳು ಇಲ್ಲಿಗೆ ಬಂದ ಮೇಲೆ ಸಭೆ ಸೇರಿದವರಲ್ಲಿ ಅನೇಕರು ಮೂಲಮನೆಯಿಂದ ಹೊರಬಿದ್ದರು. ಮತ ಬದಲಿಸಿದ ಕಾರಣಕ್ಕೆ ಯಾರ ಆಸ್ತಿ ಹಕ್ಕೂ ಹೋಗಬಾರದೆಂದು 1850ರಲ್ಲೇ ಕಾನೂನಾಗಿದ್ದರೂ, ಹೊರಗೆ ಹಾಕಿದ ಮನೆಯೊಳಗೆ ಹೋಗಿ ಪಾಲು ಕೇಳುವ ಧೈರ್ಯ ಎಷ್ಟು ಮಂದಿಗಿದ್ದೀತು? ನೇಯ್ಗೆ, ಮುದ್ರಣ, ಹಂಚು ಎಂದು ಮಿಷನ್ ಉದ್ಯೋಗ ಹುಟ್ಟಿಸಬೇಕಾಗಿ ಬಂದದ್ದಕ್ಕೆ ಇದೂ ಒಂದು ಕಾರಣ. ನನ್ನ ಅಜ್ಜಿಯ ಹಿರಿಯರು ಬಂದದ್ದು ಅಳಿಯಕಟ್ಟಿನ ಕುಟುಂಬದಿಂದ. ತುಳುನಾಡಿನ ಆ ಪದ್ಧತಿಯಲ್ಲಿ ಆಸ್ತಿಯ ಹಾದಿ ಹೆಣ್ಣಿನ ಸಂತತಿಯ ಮೂಲಕ ಸಾಗುತ್ತದೆ, ಯಜಮಾನಿಕೆಯನ್ನು ಬಹುತೇಕ ಗಂಡಸರೇ ನಡೆಸಿದರೂ. ಹಾಗೆ ನೋಡಿದರೆ ಹೆಣ್ಣುಮಕ್ಕಳಿಗೆ ಪಾಲೆಂಬುದು ನಮಗೆ ಪರದೇಶದಿಂದ ಬಂದ ವಿಚಾರವಲ್ಲ. ಮತ ಬದಲಿಸಿ, ಅಳಿಯಕಟ್ಟು ಬಿಟ್ಟು, ಸಮಪಾಲಿನ ಕಾನೂನಿಗೆ ಒಳಪಟ್ಟ ಮೇಲೂ ನಮ್ಮ ಗಂಡಸರು ಹೇಗೋ 'ಮನೆ ಗಂಡುಮಕ್ಕಳದ್ದು' ಎಂಬ ಮೂರನೆಯದೊಂದು ಧರ್ಮವನ್ನು ಕಂಡುಕೊಂಡಿದ್ದರು.

1979ರಲ್ಲಿ ನನ್ನ ತಂದೆ ಮತ್ತು ಚಿಕ್ಕಪ್ಪಂದಿರು ಸೇರಿ ಒಂದು ತೀರ್ಮಾನಕ್ಕೆ ಬಂದರು. ಅತ್ತೆಯರು ಐವರೂ ತಮ್ಮ ಪಾಲನ್ನು ಸೋದರರಿಗೆ ಬಿಟ್ಟುಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು. ಅವರಾರೂ ದುಷ್ಟರಲ್ಲ. ಊರಿನಲ್ಲಿ ನಡೆಯುತ್ತಿದ್ದುದೇ ಹಾಗೆ. ಹೆಣ್ಣುಮಕ್ಕಳಿಗೆ ಮದುವೆಯ ಖರ್ಚು ಮಾಡಿದ್ದೇವಲ್ಲ ಎಂಬುದು ಅವರ ವಾದ. ಮದುವೆಯನ್ನೇ ಕಾಣದ ದೊಡ್ಡತ್ತೆಗೆ ಆ ವಾದ ಹೇಗೆ ಹೊಂದುತ್ತದೆಂದು ಯಾರೂ ಯೋಚಿಸಲಿಲ್ಲ. ಆಗ ನನಗೆ ಇಪ್ಪತ್ತನಾಲ್ಕು. ಅಕ್ಷರ ದುಂಡಗಿದ್ದುದರಿಂದ ಪತ್ರದ ಕರಡನ್ನು ಬರೆಯುವ ಕೆಲಸ ನನಗೆ ಬಂತು. ಇಂಥ ಪತ್ರಗಳ ಭಾಷೆ ಓದುಗರಿಗೆ ಪರಿಚಿತವಿರಬಹುದು. ಪ್ರೀತಿ ವಿಶ್ವಾಸಗಳ ದ್ಯೋತಕವಾಗಿ, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ, ಮುಂದೆ ತಾನಾಗಲಿ ತನ್ನ ವಾರಸುದಾರರಾಗಲಿ ಯಾವ ತಕರಾರನ್ನೂ ಮಾಡತಕ್ಕದ್ದಲ್ಲವೆಂದು. 'ಸ್ವಸಂತೋಷ' ಎಂಬ ಪದವನ್ನು ನಾನು ಅಂದು ಐದು ಬಾರಿ ಬರೆದೆ. ಒಬ್ಬ ಅತ್ತೆಯನ್ನೂ ಕೇಳಿರಲಿಲ್ಲ.

ಒಂದು ಭಾನುವಾರ ಎಲ್ಲರೂ ಸೇರಿದರು. ಐವರು ಅತ್ತೆಯರೂ ಬಂದಿದ್ದರು. ನಾಲ್ಕನೆಯವಳಿಗೆ ಅಷ್ಟರಲ್ಲಿ ಬಾಗಿಲು ತೆರೆದಿತ್ತು. ಮಧ್ಯಾಹ್ನದ ಊಟವಾಯಿತು. ಸಂಜೆಯ ಪ್ರಾರ್ಥನೆ ಮುಗಿಯಲಿ, ಆಮೇಲೆ ಸಹಿ ಎಂದು ಅಜ್ಜಿಯೇ ಹೇಳಿದಳು. ಅಂದಿನ ಅಧ್ಯಾಯವನ್ನು ಓದುವ ಸರದಿ ನನ್ನ ತಂದೆಯದು. ಅಜ್ಜಿ ತೆಗೆದುಕೊಟ್ಟದ್ದು ಅರಣ್ಯಕಾಂಡದ 27ನೆಯ ಅಧ್ಯಾಯ. ಗಂಡುಮಕ್ಕಳಿಲ್ಲದೆ ಸತ್ತ ತಂದೆಯೊಬ್ಬನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ, ಯಾಜಕರ ಮತ್ತು ಮುಖಂಡರ ಮುಂದೆ, ಇಡೀ ಜನಸಮೂಹದ ಮುಂದೆ ಬಂದು ನಿಂತು ತಮಗೂ ಸ್ವಾಸ್ತ್ಯ ಬೇಕೆಂದು ಕೇಳುವ ಪ್ರಸಂಗ ಅದು. ಮೋಶೆ ತಾನೇ ತೀರ್ಪು ಕೊಡದೆ ದೇವರನ್ನು ಕೇಳುತ್ತಾನೆ. ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯವೆಂದು ದೇವರು ಉತ್ತರಿಸುತ್ತಾನೆ. ನನ್ನ ತಂದೆ ಓದುತ್ತ ಓದುತ್ತ ದನಿ ತಗ್ಗಿಸಿದ್ದು ನೆನಪಿದೆ.

ಕಿರಿಯ ಚಿಕ್ಕಪ್ಪನೂ ಸತ್ಯವೇದ ಬಲ್ಲವನೇ. ಅದೇ ಕಾಂಡದ 36ನೆಯ ಅಧ್ಯಾಯದಲ್ಲಿ ಆ ಹೆಣ್ಣುಮಕ್ಕಳು ತಮ್ಮ ಕುಲದೊಳಗೇ ಮದುವೆಯಾಗಬೇಕು, ಭೂಮಿ ಬೇರೆ ಕುಲಕ್ಕೆ ಹೋಗಬಾರದು ಎಂದಿರುವುದನ್ನು ಆತ ನೆನಪಿಸಿದ. ಆ ಮಾತು ಯಾರ ಕಡೆಗೆ ತಿರುಗಿದೆಯೆಂದು ಎಲ್ಲರಿಗೂ ಗೊತ್ತಾಯಿತು. ತನ್ನ ಕಾಲೇಜಿನ ಫೀಸು ಕಟ್ಟಿದ ಅಕ್ಕನ ಮುಖವನ್ನು ಆತ ನೋಡಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: 'ಆ ಅಧ್ಯಾಯವನ್ನು ನಾನೂ ಓದಿದ್ದೇನೆ. ಅವಳಿಗೆ ಬಾಗಿಲು ಹಾಕಿದ್ದು ನಾನು ಮಾಡಿದ ತಪ್ಪು. ನನ್ನ ತಪ್ಪಿಗೆ ಅವಳ ಪಾಲು ಕಡಿಮೆ ಮಾಡಬೇಕೇ?' ಆಕೆ ತನ್ನ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬಳಿಕ ಪ್ರಾರ್ಥನೆಯ ಪಟ್ಟಿಯನ್ನು ತಂದು ನನ್ನ ತಂದೆಯ ಕೈಗಿಟ್ಟಳು. 'ಇದರಲ್ಲಿ ಯಾವ ಐದು ಹೆಸರು ಹೊಡೆದುಹಾಕಲಿ, ನೀನೇ ಹೇಳು. ನಾಳೆಯಿಂದ ಅವನ್ನು ಬಿಟ್ಟು ಪ್ರಾರ್ಥಿಸುತ್ತೇನೆ.' ತಂದೆ ಏನೂ ಹೇಳಲಿಲ್ಲ. ಅಕ್ಕತಂಗಿಯರು ತಾವಾಗಿಯೇ ಬೇಡವೆನ್ನುತ್ತಾರೆ ಎಂದು ದೊಡ್ಡ ಚಿಕ್ಕಪ್ಪ ಮೆಲ್ಲಗೆ ಹೇಳಿದ್ದಕ್ಕೆ ಆಕೆಯ ಉತ್ತರ ಇಷ್ಟೇ: 'ಮೊದಲು ಕೊಟ್ಟು ನೋಡಿ. ಕೈಗೆ ಬಂದದ್ದನ್ನು ಬೇಡವೆಂದರೆ ಅದು ಅವರ ದೊಡ್ಡತನ. ಕೈಗೇ ಬಾರದ್ದನ್ನು ಬೇಡವೆನ್ನಿಸುವುದು ನಿಮ್ಮ ಸಣ್ಣತನ.'

ನಾನು ಬರೆದ ಕರಡು ಮರುದಿನ ಬೆಳಿಗ್ಗೆ ಬಚ್ಚಲಿನ ಒಲೆಗೆ ಹೋಯಿತು.

ಈ ಘಟನೆಯನ್ನು ಹೇಳಿದಾಗ ಕೇಳಿದವರು ಅಜ್ಜಿಯ ಜಾಣ್ಮೆಯನ್ನು ಮೆಚ್ಚುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ. ಭಕ್ತಿ, ಕುಟುಂಬ ವಾತ್ಸಲ್ಯ, ತ್ಯಾಗ ಎಂಬ ಮಾತುಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಬಳಸುತ್ತಾರೆ. ಮನೆ ಒಡೆಯಬಾರದು, ಅಣ್ಣತಮ್ಮಂದಿರ ಮನಸ್ಸು ನೋಯಬಾರದು, ತವರಿನ ಬಾಗಿಲು ಮುಚ್ಚಬಾರದು. ಅಜ್ಜಿ ಅದೇ ಭಕ್ತಿಯನ್ನೂ ಅದೇ ವಾತ್ಸಲ್ಯವನ್ನೂ ಗಂಡುಮಕ್ಕಳ ಎದುರು ಲೆಕ್ಕವಾಗಿ ಇಟ್ಟಳು. ಪ್ರೀತಿಯಲ್ಲಿ ಎಂಟು ಮಂದಿ ಸಮಾನರಾದರೆ ಪಾಲಿನಲ್ಲಿ ಮೂರು ಮಂದಿ ಹೇಗೆ? ನಾನು ಈ ಎಪ್ಪತ್ತು ವರ್ಷಗಳಲ್ಲಿ ಸಾವಿರಾರು ಪ್ರಸಂಗಗಳನ್ನು ಕೇಳಿದ್ದೇನೆ; ಅರಣ್ಯಕಾಂಡದ ಆ ಅಧ್ಯಾಯದ ಮೇಲೆ ಒಂದನ್ನೂ ಕೇಳಿಲ್ಲ. ಯೋಬನ ಕಥೆಯ ಕೊನೆಯಲ್ಲಿ ಅವನ ಮೂವರು ಹೆಣ್ಣುಮಕ್ಕಳ ಹೆಸರುಗಳಿವೆ, ಏಳು ಗಂಡುಮಕ್ಕಳ ಹೆಸರಿಲ್ಲ, ಆ ಹೆಣ್ಣುಮಕ್ಕಳಿಗೂ ಸೋದರರೊಂದಿಗೆ ಸ್ವಾಸ್ತ್ಯ ಸಿಕ್ಕಿತು ಎಂಬುದನ್ನೂ ನನಗೆ ತೋರಿಸಿದವಳು ಅಜ್ಜಿಯೇ. ಬೋಧಕಪೀಠ ಏರುವ ಅವಕಾಶ ಆಕೆಯ ತಲೆಮಾರಿನ ಹೆಂಗಸರಿಗೆ ಇರಲಿಲ್ಲ. ದಕ್ಷಿಣ ಭಾರತ ಸಭೆಗೆ ಮೊದಲ ಮಹಿಳಾ ಬಿಷಪ್ ಬಂದದ್ದು 2013ರಲ್ಲಿ, ಆಂಧ್ರದ ನಂದ್ಯಾಲದಲ್ಲಿ.

ಕಾನೂನಿನ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಮನಸ್ಸನ್ನು ಕಾಡುತ್ತದೆ. ತಿರುವಾಂಕೂರಿನ ಕ್ರೈಸ್ತ ಮಹಿಳೆಯರಿಗೆ 1916ರ ಕಾಯ್ದೆಯಂತೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ ಸಿಗುತ್ತಿತ್ತು. ಮೇರಿ ರಾಯ್ ಹೋರಾಡಿ 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅದನ್ನು ಗೆದ್ದರು. ಕರ್ನಾಟಕ 1994ರಲ್ಲಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು, ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದು, 2005ರಲ್ಲಿ ತಂದೆ ಬದುಕಿರಬೇಕೆಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇವೆಲ್ಲ ದೊಡ್ಡ ಗೆಲುವುಗಳೇ. ಆದರೆ ನಮ್ಮ ಕರಾವಳಿಯ ಕ್ರೈಸ್ತ ಹೆಣ್ಣುಮಕ್ಕಳಿಗೆ ಕಾಗದದ ಮೇಲಿನ ಸಮಪಾಲು ಒಂದೂವರೆ ಶತಮಾನದಿಂದ ಇದೆ. ಅಷ್ಟು ಹಳೆಯ ಹಕ್ಕೂ ಒಂದು ಭಾನುವಾರದ ಊಟ ಮತ್ತು ಒಂದು ಸಹಿಯಲ್ಲಿ ಕರಗಬಲ್ಲದು ಎಂಬುದಕ್ಕೆ ನನ್ನ ಮನೆಯೇ ಸಾಕ್ಷಿಯಾಗುವುದಿತ್ತು. ನೋಂದಣಿ ಕಚೇರಿಯಲ್ಲಿ ಅಧಿಕಾರಿ ಕೇಳುವುದು ಸಹಿ ನಿಮ್ಮದೇ ಎಂದು. ಪಕ್ಕದಲ್ಲಿ ಅಣ್ಣ ನಿಂತಿರುವಾಗ ಆ ಪ್ರಶ್ನೆಗೆ ಹೌದೆಂಬುದಲ್ಲದೆ ಇನ್ನೇನು ಉತ್ತರ ಬಂದೀತು? ಪಾಲು ಬಿಟ್ಟುಕೊಡುವ ಹೆಣ್ಣುಮಗಳನ್ನು ಪ್ರತ್ಯೇಕವಾಗಿ ಕೂರಿಸಿ, ಆಕೆ ಬಿಡುತ್ತಿರುವುದರ ಬೆಲೆಯೆಷ್ಟೆಂದು ತಿಳಿಸಿ, ಆಮೇಲೆ ಒಪ್ಪಿಗೆ ಪಡೆಯಬೇಕೆಂಬ ನಿಯಮವೊಂದಿದ್ದರೆ ಒಳ್ಳೆಯದು. ಅದಕ್ಕಿಂತ ಮೊದಲು, ಹಿರಿಯರು ಬದುಕಿರುವಾಗಲೇ ಮನೆಯಲ್ಲಿ ಈ ಮಾತು ಆಗಬೇಕು. ಚರ್ಚು, ಮಠ, ಮಸೀದಿಗಳು ಮದುವೆಯ ಬಗ್ಗೆ ಕೊಡುವ ಉಪದೇಶದಲ್ಲಿ ನೂರರಲ್ಲಿ ಒಂದು ಭಾಗವನ್ನು ಇದಕ್ಕೆ ಕೊಟ್ಟರೂ ಸಾಕಷ್ಟಾಗುತ್ತದೆ.

ಅಜ್ಜಿ ತೀರಿಕೊಂಡ ಮೇಲೆ ಆಕೆಯ ಪೆಟ್ಟಿಗೆಯಲ್ಲಿ ಒಂದು ಉಯಿಲು ಸಿಕ್ಕಿತು. ಅಜ್ಜನ ಆಸ್ತಿಯಲ್ಲಿ ಮಕ್ಕಳೆಲ್ಲರಿಗೂ ಸಮಪಾಲೆಂದು ಪಟ್ಟು ಹಿಡಿದವಳು ತನ್ನ ಸ್ವಂತದ ನಾಲ್ಕು ಪಾಲನ್ನು ಹಾಗೆ ಹಂಚಿರಲಿಲ್ಲ. ಅಷ್ಟನ್ನೂ ದೊಡ್ಡತ್ತೆಗೆ ಬರೆದಿದ್ದಳು. ಕಾರಣವಾಗಿ ಒಂದು ಸಾಲು: ಇದು ದಾನವಲ್ಲ, ಬಾಕಿ. ಹದಿಮೂರನೆಯ ಪ್ರಾಯದಲ್ಲಿ ಶಾಲೆ ಬಿಟ್ಟವಳ ಲೆಕ್ಕ ಐವತ್ತು ವರ್ಷ ಆ ಅಂಕಣದಲ್ಲೇ ಉಳಿದಿತ್ತು. ನನ್ನ ತಂದೆ ಒಂದಷ್ಟು ದಿನ ಗೊಣಗಿದರು, ಆದರೆ ತಕರಾರು ಮಾಡಲಿಲ್ಲ. 1996ರಲ್ಲಿ ಮನೆ ಮಾರಿದಾಗ ಹನ್ನೆರಡರಲ್ಲಿ ಐದು ಪಾಲು ದೊಡ್ಡತ್ತೆಗೆ ಹೋಯಿತು. ಅರವತ್ತು ದಾಟಿದ ಆಕೆ ಮೊದಲ ಬಾರಿಗೆ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದಳು. ಸಹಿ ಹಾಕುವಾಗ ಕೈ ನಡುಗಿ ಮೂರು ಸಲ ಬರೆಯಬೇಕಾಯಿತು.

ಇಷ್ಟನ್ನೆಲ್ಲ ಕಂಡ ನಾನು ಏನು ಮಾಡಿದೆ ಎಂಬುದನ್ನೂ ಹೇಳಬೇಕು. ನನ್ನ ತಂದೆ 2003ರಲ್ಲಿ ತೀರಿಕೊಂಡರು. ತಾಯಿ ಮೊದಲೇ ಹೋಗಿದ್ದಳು. ಉಯಿಲು ಇರಲಿಲ್ಲ. ತನ್ನ ಪಾಲಿಗೆ ಬಂದ ಹಣದಿಂದ ತಂದೆ ಕಟ್ಟಿಸಿದ್ದ ಮನೆಗೆ ನಾವಿಬ್ಬರೇ ವಾರಸುದಾರರು, ನಾನು ಮತ್ತು ಹುಬ್ಬಳ್ಳಿಯಲ್ಲಿರುವ ತಂಗಿ. ಆಕೆ ತಾನಾಗಿಯೇ, 'ನನಗೇನೂ ಬೇಡ ಅಣ್ಣ, ನೀನೇ ಇಟ್ಟುಕೋ' ಎಂದಳು. ನಾನು ಎರಡು ಸಲ ಬೇಡವೆಂದೆ, ಮೂರನೆಯ ಸಲ ಒಪ್ಪಿದೆ. ಪತ್ರ ನೋಂದಣಿಯಾಯಿತು. ಆಕೆಗೊಂದು ರೇಷ್ಮೆ ಸೀರೆ ಕೊಟ್ಟು ಬಸ್ಸು ಹತ್ತಿಸಿದೆ. ಪತ್ರದಲ್ಲಿ 'ಸ್ವಸಂತೋಷ' ಎಂಬ ಪದವಿತ್ತು. ಅದನ್ನು ಈ ಬಾರಿ ಬರೆದವನು ನಾನಲ್ಲ, ದಸ್ತಾವೇಜು ಬರಹಗಾರ. ಅಜ್ಜಿ ಹೇಳಿದ್ದ ಮೊದಲ ಅರ್ಧವನ್ನು, ಮೊದಲು ಕೊಟ್ಟು ನೋಡಿ ಎಂಬುದನ್ನು, ನಾನು ಸೌಕರ್ಯವಾಗಿ ಮರೆತಿದ್ದೆ.

ದೊಡ್ಡತ್ತೆಯ ಕಾಲಾನಂತರ ಪ್ರಾರ್ಥನೆಯ ಪಟ್ಟಿ ನನ್ನ ಕೈಗೆ ಬಂದಿದೆ. ಮೊಮ್ಮಕ್ಕಳ ಪುಟದಲ್ಲಿ ನನ್ನ ಹೆಸರಿನ ಕೆಳಗೇ ತಂಗಿಯ ಹೆಸರಿದೆ. ಒಂದೇ ಶಾಯಿ, ಒಂದೇ ಗಾತ್ರದ ಅಕ್ಷರ. ಕಳೆದ ತಿಂಗಳು ಆಕೆಗೆ ಫೋನ್ ಮಾಡಿ ಮನೆಯಲ್ಲಿ ಆಕೆಯ ಪಾಲನ್ನು ಕೊಡುವುದಿದೆ ಎಂದೆ. 'ಈಗೇಕೆ ಅಣ್ಣ, ಎಲ್ಲ ಮುಗಿದ ಮಾತು' ಎಂದು ನಕ್ಕಳು. ನಾನು ಮಾತು ಮುಂದುವರಿಸಲಿಲ್ಲ, ಫೋನ್ ಇಡಲೂ ಇಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಬೇರೆಯೇ ದನಿಯಲ್ಲಿ, 'ಎಷ್ಟಾಗುತ್ತದೆ?' ಎಂದು ಕೇಳಿದಳು.

ಅರ್ಧ, ಎಂದೆ. ಮನೆ ಮಾರುವುದೋ, ಸಾಲ ಮಾಡುವುದೋ ಇನ್ನೂ ತೀರ್ಮಾನವಾಗಿಲ್ಲ. ನನ್ನ ಮಕ್ಕಳಿಗೆ ಇದು ಅಷ್ಟಾಗಿ ಹಿಡಿಸಿಲ್ಲ. ಮುಂದಿನ ವಾರ ವಕೀಲರನ್ನು ಕಾಣಬೇಕಾಗಿದೆ.